ಚಾವಿ ಸಾಹೇಬರು ಮಾತು ನಿಲ್ಲಿಸಿದ ಮಧ್ಯಾಹ್ನ

ಮೊನ್ನೆ ಭಾನುವಾರ ಊಟ ಮುಗಿಸಿ ನಾನು, ಮಗಳು, ಅಳಿಯ ಹರಟುತ್ತ ಕೂತಿದ್ದೆವು. ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಕೈಗಡಿಯಾರವೊಂದನ್ನು ಅಳಿಯ ನನ್ನ ಮುಂದಿಟ್ಟ. "ಸೆಲ್ ಹಾಕೋ ಜಾಗಾನ ಇಲ್ಲ. ಇದು ಹ್ಯಾಂಗ ನಡೀತದ್ರಿ ಮಾವಾರ?" ಎಂದ. ಬದಿಯ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದೆ. ಕರ್, ಕರ್, ಕರ್… ಆ ಸದ್ದಿನ ಹಿಂದೆಯೇ ನಾಸಿಕ್‌ನ ನಮ್ಮ ಬಾಡಿಗೆ ಕೋಣೆ ಬಂತು, ಕಿಟಕಿಯ ಪಕ್ಕದ ಕಬ್ಬಿಣದ ಮಂಚ ಬಂತು, ಅದರ ಮೇಲೆ ಬನಿಯನ್ನಿನಲ್ಲಿ ಕೂತು ಗಡಿಯಾರಕ್ಕೆ ಚಾವಿ ಕೊಡುತ್ತಿದ್ದ ನಮ್ಮ ಹೆಡ್ ಕ್ಯಾಶಿಯರ್ ಸಾಹೇಬರು ಬಂದರು.

ಎಂಬತ್ತರ ದಶಕದ ಕೊನೆಯ ಮಾತು. ನಾನು ವಿಜಾಪುರದ ಕಡೆಯಿಂದ, ಅವರು ಗದಗಿನಿಂದ, ಇಬ್ಬರೂ ವರ್ಗವಾಗಿ ಒಂದೇ ಬ್ಯಾಂಕಿನ ಒಂದೇ ಶಾಖೆಗೆ ಬಿದ್ದವರು. ಮಕ್ಕಳ ಸಾಲೆಯ ಸಲುವಾಗಿ ಅವರು ಹೆಂಡತಿ ಮಕ್ಕಳನ್ನು ಗದಗಿನಲ್ಲೇ ಬಿಟ್ಟಿದ್ದರು. ಕೋಣೆಯಲ್ಲಿ ಮಾತು ಕಡಿಮೆ. ಆದರೆ ಅವರು ನೌಕರರ ಸಂಘದ ಕಾರ್ಯದರ್ಶಿ. ಗೇಟಿನ ಮುಂದೆ ಸ್ಟೂಲ್ ಹತ್ತಿ ಮರಾಠಿಯಲ್ಲಿ ಶುರು ಮಾಡಿದರೆಂದರೆ, ಚಹಾ ಕುಡಿಯಲು ಹೊರಬಿದ್ದವರು ಲೋಟ ಕೈಯಲ್ಲೇ ಹಿಡಿದು ನಿಂತುಬಿಡುತ್ತಿದ್ದರು.

ಸ್ಟೂಲ್ ಹತ್ತುವ ಮೊದಲು ಗಡಿಯಾರ ಬಿಚ್ಚಿ ಚಾವಿ ಕೊಡುವುದು ಅವರ ರೂಢಿ. ಅದರಿಂದ ಜನ ಅವರನ್ನು 'ಚಾವಿ ಸಾಹೇಬ' ಎಂದು ಕರೆದರು. ಸಿಟ್ಟು ಬರುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ನಕ್ಕರು. "ಅಮೆರಿಕಾದಾಗ ಈ ಹೆಸರಿಗೆ ಹಾರ ಹಾಕ್ತಾರ, ತಮ್ಮಾ" ಎಂದು ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದರು. ಹಿಂದೆ ಜೇಬುಗಡಿಯಾರಕ್ಕೆ ಬೇರೆಯೇ ಒಂದು ಸಣ್ಣ ಬೀಗದಕೈ ಇರುತ್ತಿತ್ತಂತೆ. ಅದು ಕಳೆದರೆ ಗಡಿಯಾರ ಸತ್ತಂತೆಯೇ. ಆಮೇಲೆ, ಮೇಲಿನ ಕಡ್ಡಿಯ ತುದಿಯನ್ನು ತಿರುವಿದರೆ ಸಾಕು ಎನ್ನುವ ಹೊಸ ಗಡಿಯಾರ ಬಂತು. ಅದರ ಹೆಸರು ಸ್ಟೆಮ್‌ವೈಂಡರ್. ಆ ಕಾಲಕ್ಕೆ ಅದಕ್ಕಿಂತ ಮಿಗಿಲಾದ ವಸ್ತುವೇ ಇರಲಿಲ್ಲವಾದ್ದರಿಂದ ಜನ ಒಳ್ಳೆಯ ಕುದುರೆಗೂ ಅದೇ ಹೆಸರು, ಒಳ್ಳೆಯ ಆಳಿಗೂ ಅದೇ ಹೆಸರು ಅನ್ನತೊಡಗಿದರು. ಕೊನೆಗೆ ಅದು ಸಭೆಯನ್ನು ಬಿಗಿಯಾಗಿ ತಿರುವಿ ಎಬ್ಬಿಸುವ ಭಾಷಣಕಾರನಿಗೆ ಅಂಟಿಕೊಂಡಿತು. ಗಡಿಯಾರ ಹೋಯಿತು, ಭಾಷಣ ಉಳಿಯಿತು…

ನಮ್ಮ ಶಾಖೆಯ ಸಿಪಾಯಿ ಅಕ್ಕಲಕೋಟಿ ಕಡೆಯವ, ಮನೆಮಾತು ಕನ್ನಡ. ಮ್ಯಾನೇಜರರ ಮನೆಗೆ ಹೋಗಿ ನೀರು ತುಂಬಲು ಒಲ್ಲೆನೆಂದ. ಅವಿಧೇಯತೆ ಎಂದು ಬರೆದು ಅವನನ್ನು ಅಮಾನತು ಮಾಡಿದರು. ತೀರ್ಮಾನ ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ, ಪ್ರಾದೇಶಿಕ ಕಚೇರಿಯಲ್ಲಿ. ನಾವು ಬಸ್ಸು ಮಾಡಿಕೊಂಡು ಹೋದೆವು. ಬೇರೆ ಊರಿನ ಶಾಖೆಯವರೂ ಬಂದು ಕೂಡಿದರು. ಆ ಕಚೇರಿಯ ದೊಡ್ಡ ಸಾಹೇಬರು ಒಳಗಿನಿಂದ ಹೇಳಿ ಕಳಿಸಿದ್ದರು: ಗಲಾಟೆ ಆಗದಿದ್ದರೆ ಸಂಘದ ಇಬ್ಬರನ್ನು ಕರೆದು ಮಾತಾಡುತ್ತೇನೆ, ಒಂದು ಗಾಜು ಒಡೆದರೂ ಸಿಪಾಯಿ ಮನೆಗೆ.

ಬಿಸಿಲು ಕೆಂಡದಂತಿತ್ತು. ಕಟ್ಟಡದ ಮುಂದೆ ಉದ್ದಕ್ಕೂ ಗಾಜಿನ ಬಾಗಿಲು, ಒಳಗೆ ಲಾಠಿ ಹಿಡಿದ ಪೊಲೀಸರು. ನಮ್ಮ ಸಾಹೇಬರು ಗಡಿಯಾರಕ್ಕೆ ಚಾವಿ ಕೊಟ್ಟು ಸ್ಟೂಲ್ ಹತ್ತಿದರು. ನಾನು ಪಕ್ಕದಲ್ಲಿ ಮೈಕಿನ ವೈರ್ ಹಿಡಿದು ನಿಂತಿದ್ದೆ. ಸಿಪಾಯಿ ನನ್ನ ತೋಳು ಬಿಟ್ಟಿರಲಿಲ್ಲ.

ಅವತ್ತಿನಂಥ ಭಾಷಣ ನಾನು ಮತ್ತೆ ಕೇಳಲಿಲ್ಲ. ಕೊಡ ಹೊತ್ತವನ ಹೆಗಲ ಮಾತಾಡಿದರು, ಸಂಬಳ ಬ್ಯಾಂಕಿನದು ಚಾಕರಿ ಮನೆಯದು ಎಂದರು. ಒಂದೊಂದು ಮಾತಿಗೂ ಗುಂಪು ಒಂದೊಂದು ಹೆಜ್ಜೆ ಮುಂದೆ ಸರಿಯಿತು. ಮುಂದಿನ ಸಾಲಿನವರ ಅಂಗೈ ಗಾಜಿನ ಮೇಲೆ ಬಿತ್ತು. ಕಟ್ಟಡದ ಪಕ್ಕ ಯಾವುದೋ ಗೋಡೆಯ ಕೆಲಸ ನಡೆದಿತ್ತು. ನೋಡುನೋಡುತ್ತ ಇಬ್ಬರ ಕೈಗೆ ಇಟ್ಟಂಗಿ ಬಂತು.

"ಸರ, ಗಾಜು ಒಡೀತಂದ್ರ ನಾ ಸತ್ತೆ. ಸಾಹೇಬ್ರಿಗೆ ಹೇಳ್ರಿ" ಎಂದು ಸಿಪಾಯಿ ನನ್ನ ಕಿವಿಯಲ್ಲಿ ಅಳುವ ದನಿಯಲ್ಲಿ ಅಂದ. ಹೇಳುವುದು ಹೇಗೆ? ಅವರು ಕೊನೆಯ ಮಾತಿನ ಅಂಚಿಗೆ ಬಂದಿದ್ದರು.

ಅವರ ಭಾಷಣಕ್ಕೆ ಒಂದೇ ಮುಕ್ತಾಯ. "ಮಗ ಆತಾ ಕಾಯ್?" ಅಂದರೆ ಇನ್ನು ಮುಂದೇನು ಎಂದು ಕೇಳುವರು. ಗುಂಪು "ಚಲಾ ಪುಢೇ!", ನಡೆಯಿರಿ ಮುಂದೆ, ಎಂದು ಕೂಗಿ ಮೆರವಣಿಗೆ ಹೊರಡುವುದು. ವರ್ಷಗಳ ರೂಢಿ, ಎಲ್ಲರ ಬಾಯಿಗೂ ಬಂದ ಪಾಠ. ಅವತ್ತು ಮುಂದೆ ಹೋಗಲು ಬೀದಿಯಿರಲಿಲ್ಲ, ಗಾಜಿತ್ತು.

ಅವರು "ಮಗ…" ಎಂದರು. ಗುಂಪು ಉಸಿರು ಹಿಡಿಯಿತು. ಅವರ ಕಣ್ಣು ಇಟ್ಟಂಗಿಯ ಮೇಲೆ ನಿಂತಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಹಾಗೇ ಸ್ಟೂಲ್ ಇಳಿದು, ಕಾದ ಸಿಮೆಂಟಿನ ಮೇಲೆ, ಗಾಜಿಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಯಾರಿಗೂ ಏನೂ ತಿಳಿಯಲಿಲ್ಲ. ಕೂಗಲು ತೆರೆದ ಬಾಯಿಗಳು ಹಾಗೇ ಉಳಿದವು. ಆಮೇಲೆ ಹಿಂದಿನಿಂದ ಒಬ್ಬ ಕೂಗಿದ: "ಸಾಹೇಬಾಂಚಿ ಚಾವಿ ಸಂಪಲಿ ರೇ!" ಸಾಹೇಬರ ಚಾವಿ ಮುಗಿಯಿತು ಎಂದು ನಗೆ ಎದ್ದಿತು. "ಒಳಗಿನವರು ಎಷ್ಟು ಕೊಟ್ಟರು?" ಎಂದು ಇನ್ನೊಬ್ಬ. ಯಾರೋ ನೀರಿನ ಲೋಟ ಅವರತ್ತ ಎಸೆದರು. ಅವರು ಕೈಯೆತ್ತಿ ಮುಖ ಸಹ ಒರೆಸಿಕೊಳ್ಳಲಿಲ್ಲ. ಮೊದಲು ಸಿಪಾಯಿ ಹೋಗಿ ಅವರ ಪಕ್ಕ ಕೂತ. ನಾನೂ ಕೂತೆ. ಬೈಯುತ್ತಲೇ ಒಬ್ಬೊಬ್ಬರು ಕೂತರು. ಇಟ್ಟಂಗಿ ನೆಲಕ್ಕೆ ಬಂತು.

ಸಂಜೆ ಸಂಘದ ಪರವಾಗಿ ಅವರನ್ನೂ ನನ್ನನ್ನೂ ಒಳಗೆ ಕರೆದರು. ಅಮಾನತು ರದ್ದಾಯಿತು, ಸಿಪಾಯಿಯನ್ನು ನಾಸಿಕ್ ಹತ್ತಿರದ ಘೋಟಿ ಶಾಖೆಗೆ ಹಾಕಿದರು. ಹೊರಗೆ ಬಂದು ಹೇಳಿದಾಗ ಚಪ್ಪಾಳೆ ಬಿತ್ತು, ನಮ್ಮ ಸಾಹೇಬರಿಗಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕದ ಸೀಟಿಗೆ ಯಾರೂ ಬರಲಿಲ್ಲವೆಂದು ನಾನು ಹೋಗಿ ಕೂತೆ. "ಯಾಕ್ರಿ ಸರ ನಿಲ್ಲಿಸಿದ್ರಿ?" ಎಂದೆ.

"ಅಂಜಿಕಿ ಬಂತು, ತಮ್ಮಾ. ಆ ಇಟ್ಟಂಗಿ ಅವನ ಕೈಗೆ ನನ್ನ ಬಾಯಿಂದ ಹೋಗಿತ್ತು."

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಆಮೇಲೆ ಯಾರೂ ಅವರ ಕೈಗೆ ಮೈಕು ಕೊಡಲಿಲ್ಲ, ಅವರೂ ಕೇಳಲಿಲ್ಲ. ತೊಂಬತ್ತರ ದಶಕದಲ್ಲಿ ಅವರು ನಿವೃತ್ತರಾಗಿ ಗದಗಿಗೆ ಹೋದರು, ನಾನು ವರ್ಗವಾಗಿ ಬಂದೆ. ಒಂದೆರಡು ಯುಗಾದಿಗೆ ಕಾಗದ ಬಂದವು… ಆಮೇಲೆ ಅದೂ ನಿಂತಿತು.

ಅಳಿಯನಿಗೆ ಇದನ್ನೆಲ್ಲ ಹೇಳುತ್ತ ಹೇಳುತ್ತ ಮನಸ್ಸು ತಡೆಯದೆ ಘೋಟಿಗೆ ಫೋನ್ ಹಚ್ಚಿದೆ. ಸಿಪಾಯಿ ಪೂರಾ ಪೆನ್ಷನ್ ಪಡೆದು ಅಲ್ಲೇ ಮನೆ ಕಟ್ಟಿಕೊಂಡಿದ್ದಾನೆ. ಸಾಹೇಬರು ತೀರಿಕೊಂಡು ವರ್ಷದ ಮೇಲಾಯಿತು ಎಂದ. ನನಗೆ ಗೊತ್ತೇ ಇರಲಿಲ್ಲ. ಸುದ್ದಿ ತಿಳಿದು ಅವನು ಬಸ್ಸು ಬದಲಿಸುತ್ತ ಗದಗ ಮುಟ್ಟಿದನಂತೆ, ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮನೆಯವರು ನೀವು ಯಾರೆಂದು ಕೇಳಿದರಂತೆ. ಅಂಗಳದಲ್ಲಿ ಕೂತು ಔರಂಗಾಬಾದಿನ ಆ ಮಧ್ಯಾಹ್ನದ ಕಥೆ ಹೇಳಿದನಂತೆ.

"ಅವರ ಮಗ ನನ್ನ ಮಾರಿ ನೋಡಿದನ್ರಿ ಸರ. 'ನೀವು ಬ್ಯಾರೆ ಯಾರದರೆ ಮನೀಗೆ ಬಂದೀರೇನು? ನಮ್ಮಪ್ಪ ನಾಕು ಮಂದಿ ಮುಂದ ಬಾಯಿ ಬಿಟ್ಟದ್ದು ನಾವು ಕಂಡೇ ಇಲ್ಲ' ಅಂದ."