ಆರನೆಯವನು ಡೆಲ್ವಿನ್

ಜುಲೈ ಕೊನೆಯಲ್ಲಿ ತಂಡದ ಆಯ್ಕೆ ಶಿಬಿರಕ್ಕೆಂದು ವಿಮಾನ ನಿಲ್ದಾಣದಿಂದ ಬರುವ ಹುಡುಗರು ನನ್ನ ವ್ಯಾನಿನ ಮುಂದಿನ ಸೀಟಿಗಾಗಿ ಜಗಳಾಡುತ್ತಾರೆ. ರೇಡಿಯೊ ತಿರುಗಿಸುತ್ತಾರೆ, ಊರಲ್ಲಿ ಒಳ್ಳೆ ಮಾಂಸದ ಊಟ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ, ನನ್ನ ಬೋಳುತಲೆ ನೋಡಿ ನಗುತ್ತಾರೆ. ಆಗಸ್ಟ್ ಕೊನೆಯಲ್ಲಿ ಅದೇ ಹುಡುಗರನ್ನು ವಾಪಸ್ ಬಿಡಲು ಹೊರಟಾಗ ಒಬ್ಬನೂ ಮುಂದೆ ಕೂರುವುದಿಲ್ಲ. ವ್ಯಾನು ಖಾಲಿ ಇದ್ದರೂ ಕೊನೆಯ ಸಾಲಿಗೆ ಹೋಗಿ, ಕಿಟಕಿಗೆ ತಲೆ ಆನಿಸಿ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ತಂಡದಿಂದ ತೆಗೆದುಹಾಕಿದವನು ಹಿಂದೆ ಕೂರುತ್ತಾನೆ, ಅಷ್ಟೇ. ಉಕ್ಕಿನ ಕಾರ್ಖಾನೆ ನಮ್ಮನ್ನು ಹೊರಗೆ ಹಾಕಿದ ದಿನ ನಾವೂ ಬಸ್ಸಿನಲ್ಲಿ ಹಿಂದೆಯೇ ಕೂತಿದ್ದೆವು.

ಡೆಲ್ವಿನ್ ಪ್ರೂಯಿಟ್ ಎರಡೂ ಸೀಟುಗಳನ್ನು ಬಲ್ಲವನು. ಲೂಯಿಸಿಯಾನದ ಒಂದು ಕಾಗದದ ಗಿರಣಿಯ ಊರಿನವನು. ಗಿರಣಿಯ ವಾಸನೆ ಬಿಟ್ಟರೆ ಆ ಊರಿಗೆ ಬೇರೆ ಗುರುತಿಲ್ಲ ಎಂದು ಅವನೇ ಹೇಳುತ್ತಿದ್ದ. ಉದ್ದನೆಯ ಕಾಲು, ಹಲಗೆಯಂಥ ಅಂಗೈ. ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಡುವುದು; ಅದರಲ್ಲಿ ಅವನದು ರಿಸೀವರ್ ಕೆಲಸ: ಮೈದಾನದ ಅಂಚಿನಲ್ಲಿ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯಬೇಕು. ವಯಸ್ಸು ಇಪ್ಪತ್ತೇಳು. ಬೇರೆ ಕಡೆಯಾದರೆ ಹುಡುಗ ಅನ್ನುತ್ತಾರೆ. ಶಿಬಿರದಲ್ಲಿ ಅವನನ್ನು ತಾತ ಅನ್ನುತ್ತಿದ್ದರು. ಕಾಲೇಜು ಮುಗಿದಾಗ ಯಾವ ತಂಡವೂ ಅವನನ್ನು ಆರಿಸಿರಲಿಲ್ಲ. ತಾನೇ ಬಾಗಿಲು ತಟ್ಟಿಕೊಂಡು ಬಂದವನು. ಪ್ರತಿ ವರ್ಷ ಯಾವುದಾದರೂ ತಂಡ ಆಗಸ್ಟಿಗೆ ಕರೆಯುತ್ತಿತ್ತು, ಅಭ್ಯಾಸದ ಪಂದ್ಯಗಳಲ್ಲಿ ಬೆವರು ಬಸಿಯುತ್ತಿತ್ತು, ಸೆಪ್ಟೆಂಬರಿನ ನಿಜವಾದ ಪಂದ್ಯಗಳು ಶುರುವಾಗುವ ಮೊದಲು ಊರಿಗೆ ಅಟ್ಟುತ್ತಿತ್ತು. ನಮ್ಮ ತಂಡವೇ ಹಿಂದಿನ ವರ್ಷ ಹಾಗೆ ಅಟ್ಟಿ, ಈ ವರ್ಷ ಮತ್ತೆ ಕರೆದಿತ್ತು. ಅವನು ಹಿಡಿದ ಚೆಂಡುಗಳು ಯಾವ ಲೆಕ್ಕಕ್ಕೂ ಸೇರಿಲ್ಲ. ಆಡಿದ್ದಾನೆ, ಆದರೆ ಆಡಿಲ್ಲ.

"ಒಂದೇ ಒಂದು, ಮಿಸ್ಟರ್ ಸ್ಟಾನ್," ಎಂದ, ಈ ಸಲ ಕರೆದುಕೊಂಡು ಬರುವಾಗ ಮುಂದಿನ ಸೀಟಿನಲ್ಲಿ ಕೂತು. "ಲೆಕ್ಕಕ್ಕೆ ಬರೋ ಪಂದ್ಯದಲ್ಲಿ ಒಂದೇ ಸಲ ಇಳೀಬೇಕು. ಆಮೇಲೆ ಕಾಲು ಮುರಿದ್ರೂ ಪರವಾಗಿಲ್ಲ."

"ಕಾಲು ಮುರಿದ್ರೆ ಮಾಲೀಕ ಬಂದು ಎಣ್ಣೆ ಹಚ್ತಾನೆ ಅಂದ್ಕೊಂಡಿದೀಯಾ? ಊರಿಗೆ ಟಿಕೆಟ್ ಕೊಡ್ತಾನೆ."

"ಟಿಕೆಟ್ ಹೆಂಗೂ ಕೊಡ್ತಾನಲ್ರೀ!" ಎಂದು ತೊಡೆ ತಟ್ಟಿ ನಕ್ಕ.

ಶಿಬಿರಕ್ಕೆ ತೊಂಬತ್ತು ಮಂದಿ ಬರುತ್ತಾರೆ, ಐವತ್ಮೂರು ಮಂದಿ ಉಳಿಯುತ್ತಾರೆ. ಒಂದೊಂದು ಕೆಲಸಕ್ಕೆ ಇಂತಿಷ್ಟೇ ಅಂಗಿಯ ನಂಬರು ಎಂಬ ನಿಯಮ, ಅಷ್ಟು ಜನಕ್ಕೆ ಸಾಲದು. ಹಾಗಾಗಿ ಬಾಲದ ಕಡೆಯವರಿಗೆ ಒಂದೇ ನಂಬರನ್ನು ಇಬ್ಬಿಬ್ಬರಿಗೆ ಹಂಚುತ್ತಾರೆ. ಡೆಲ್ವಿನ್‌ಗೆ ಸಿಕ್ಕಿದ್ದು ನಲವತ್ತೊಂಬತ್ತು; ಅದೇ ನಂಬರು ಎದುರಾಳಿಯನ್ನು ತಡೆಯುವ ಪಡೆಯ ಒಬ್ಬ ದಡಿಯನಿಗೂ ಇತ್ತು. ಬೇಲಿಯ ಆಚೆಯಿಂದ ಯಾರಾದರೂ "ನಲವತ್ತೊಂಬತ್ತೂ!" ಎಂದು ಕೂಗಿದರೆ ಇಬ್ಬರೂ ತಿರುಗುತ್ತಿದ್ದರು. ಕೈ ಬೀಸುವವನು ದಡಿಯನೇ.

ರಿಸೀವರ್‌ಗಳಲ್ಲಿ ಐವರ ಜಾಗ ಶಿಬಿರಕ್ಕೆ ಮೊದಲೇ ಗಟ್ಟಿ. ಉಳಿದದ್ದು ಆರನೆಯ ಜಾಗ. ಆ ಆರನೆಯವನಿಗೆ ಚೆಂಡು ಹಿಡಿಯುವ ಭಾಗ್ಯ ಅಪರೂಪ. ನಮ್ಮವನು ಚೆಂಡನ್ನು ಎದುರಾಳಿಗಳ ಕಡೆ ದೂರ ಒದ್ದಾಗ, ಅದರ ಕೆಳಗೆ ಎಲ್ಲರಿಗಿಂತ ಮೊದಲು ಓಡಿ ಮುಟ್ಟುವುದು ಅವನ ಕೂಲಿ. ಅದರಲ್ಲಿ ಡೆಲ್ವಿನ್‌ನನ್ನು ಮೀರಿಸುವವರು ಇರಲಿಲ್ಲ. ಪೋಟಿಗೆ ಇದ್ದವನು ಟ್ರೇ ಬೋಡ್ಮನ್. ಆ ವರ್ಷವೇ ಕಾಲೇಜಿನಿಂದ ತಂಡದವರೇ ಹೆಸರು ಕೂಗಿ ಆರಿಸಿ ತಂದವನು. ಕೂಗಿ ತಂದವನನ್ನು ಸುಮ್ಮನೆ ಕಳಿಸಿದರೆ ಆರಿಸಿದ ದೊಡ್ಡವರ ಮುಖ ಸಣ್ಣದಾಗುತ್ತದೆ. ಬಾಗಿಲು ತಟ್ಟಿ ಬಂದವನನ್ನು ಕಳಿಸಿದರೆ ಯಾರ ಮುಖಕ್ಕೂ ಏನೂ ಆಗುವುದಿಲ್ಲ. ಆಟ ಅನ್ನುತ್ತಾರೆ; ನನಗೇನೋ ಕಾರ್ಖಾನೆಯೇ ಕಾಣುತ್ತದೆ.

ಒದ್ದ ಚೆಂಡಿನ ಪಡೆಗೆ ಕೋಚ್ ವುಕೊವಿಚ್. ಅವನ ಅಪ್ಪನೂ ನಾನೂ ಒಂದೇ ಕುಲುಮೆಯ ಮುಂದೆ ಬೆಂದವರು. ಅವನ ಪಾಠ ಒಂದೇ, ದಿನವೂ ಅದೇ ಕಿರುಚಾಟ:

"ಬೆನ್ನು ಗೆರೆ ಕಡೆ, ಕೈ ಮೈದಾನದ ಕಡೆ! ಹಿಡೀಬೇಡ್ರೋ, ತಟ್ಟಿ!"

ಒದ್ದ ಚೆಂಡು ಪುಟಿಯುತ್ತಾ ಎದುರಾಳಿಗಳ ಕೊನೆಯ ಗೆರೆಯ ಹತ್ತಿರ ಹೋಗುತ್ತದೆ. ಗೆರೆ ದಾಟುವ ಮೊದಲು ನಮ್ಮವರು ಅಲ್ಲೇ ಅದನ್ನು ನಿಲ್ಲಿಸಿದರೆ, ಎದುರಾಳಿಗಳು ಗೋಡೆಗೆ ಬೆನ್ನು ಕೊಟ್ಟು ಆಟ ಶುರುಮಾಡಬೇಕು. ಚೆಂಡು ದಾಟಿದರೆ, ಅಥವಾ ಮುಟ್ಟಿದವನ ಪಾದ ಆ ಗೆರೆಗೆ ತಾಗಿದರೆ, ಅವರಿಗೆ ಇಪ್ಪತ್ತು ಗಜ ಪುಕ್ಕಟೆ. ಅದಕ್ಕೇ ಮೊದಲು ಓಡಿ ಬಂದವನು ಹಿಡಿಯುವುದಿಲ್ಲ. ಹಿಂದಕ್ಕೆ ತಟ್ಟುತ್ತಾನೆ, ಹಿಂದೆ ಬಂದವನು ಹಿಡಿಯುತ್ತಾನೆ. ಧ್ವನಿವರ್ಧಕದಲ್ಲಿ ಕೂಗುವುದು ಹಿಡಿದವನ ಹೆಸರನ್ನು.

ಕೋಚ್ ಹೇಳಿದ ಮೇಲೆ ಡೆಲ್ವಿನ್ ಅದನ್ನೇ ಬೋಡ್ಮನ್‌ಗೆ ಕಲಿಸಿದ.

"ತಾತಾ, ನಿನ್ನ ಜಾಗಕ್ಕೆ ನೀನೇ ನನ್ನನ್ನ ತಯಾರು ಮಾಡ್ತಿದೀಯಲ್ಲೋ, ಮೈಗೆ ಹುಷಾರಿದೆಯಾ?" ಎಂದ ಬೋಡ್ಮನ್.

"ನೀನು ಓಡಿ ಬರೋ ಹೊತ್ತಿಗೆ ಚೆಂಡಿಗೆ ಮೀಸೆ ಬಂದಿರುತ್ತೆ. ಬಾಯಿ ಮುಚ್ಚಿ ಹಿಮ್ಮಡಿ ನೋಡ್ಕೊ."

ಮೈದಾನದಲ್ಲಿ ಇಷ್ಟು ಮಾತು. ಊಟದ ಮನೆಯಲ್ಲಿ ಅದೂ ಇಲ್ಲ. ಜಾಗ ಗಟ್ಟಿ ಇದ್ದ ಐವರದು ಒಂದು ಮೇಜು. ಹೊಸಬರದು ಒಂದು. ಡೆಲ್ವಿನ್ ತಟ್ಟೆ ಹಿಡಿದು ಮೂಲೆಗೆ ಹೋಗಿ, ಅಂಗಿಯ ಜೇಬಿನಿಂದ ಊರಿನ ಖಾರದ ಸಾಸಿನ ಬಾಟಲಿ ತೆಗೆದು, ಅನ್ನ, ಕೋಳಿ, ಮೊಟ್ಟೆ ಎಲ್ಲದರ ಮೇಲೂ ಸುರಿದುಕೊಂಡು ಒಬ್ಬನೇ ತಿನ್ನುತ್ತಿದ್ದ. ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಅಂಚಿನಲ್ಲಿ ಇರುವವನ ಪಕ್ಕ ಕೂತರೆ ಅದು ತಮಗೂ ಅಂಟುತ್ತದೆ ಎಂಬ ಭಯ ಅಷ್ಟೇ. ಹೊಟೇಲಿನ ಕೋಣೆಯಲ್ಲೂ ಒಬ್ಬನೇ. ಪೆಟ್ಟಿಗೆಯಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಇಟ್ಟವನಲ್ಲ. "ಜೋಡಿಸಿಟ್ರೆ ಮತ್ತೆ ತುಂಬಬೇಕಲ್ಲ," ಎನ್ನುತ್ತಿದ್ದ.

ಎಲ್ಲರೂ ಹೆದರುತ್ತಿದ್ದುದು ನೀಲ್ ಹ್ಯಾಗರ್ಟಿಗೆ. ಕಚೇರಿಯ ನೌಕರ, ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಅವನು ಹತ್ತಿರ ಬಂದು "ಕೋಚ್ ಕರೀತಿದಾರೆ, ಟ್ಯಾಬ್ಲೆಟ್ ತಗೊಂಡು ಬಾ" ಅಂದರೆ ಮುಗಿಯಿತು. ಆಟದ ಪಟ್ಟುಗಳೆಲ್ಲ ತಂಡ ಕೊಟ್ಟ ಆ ಟ್ಯಾಬ್ಲೆಟ್ ಕಂಪ್ಯೂಟರಿನಲ್ಲಿರುತ್ತವೆ. ಹೊರಹೋಗುವವನು ಅದನ್ನು ಒಪ್ಪಿಸಿ ಹೋಗಬೇಕು. ಹ್ಯಾಗರ್ಟಿಗೆ ಹುಡುಗರು ಇಟ್ಟ ಹೆಸರು ಬೇರೆ. ನನ್ನ ಬಾಯಲ್ಲಿ ಅವನು ಯಮದೂತ.

ಕೊನೆಯ ಅಭ್ಯಾಸದ ಪಂದ್ಯಕ್ಕೆ ಕ್ರೀಡಾಂಗಣ ಅರ್ಧ ಖಾಲಿ. ಜಾಗ ಗಟ್ಟಿ ಇದ್ದವರು ಟೋಪಿ ಹಾಕಿಕೊಂಡು ಬದಿಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಾ ನಿಂತಿದ್ದರು. ಓಡುತ್ತಿದ್ದವರೆಲ್ಲ ಹೊಟ್ಟೆಪಾಡಿನವರೇ. ಡೆಲ್ವಿನ್ ಆ ಸಂಜೆ ಎರಡು ಚೆಂಡು ಹಿಡಿದ, ಚೆಂಡು ಕೊಂಡೊಯ್ಯುತ್ತಿದ್ದ ಒಬ್ಬ ಎದುರಾಳಿಯನ್ನು ಮೇಲೇಳದಂತೆ ಕೆಡವಿದ. ನಾನು ಸುರಂಗದ ಬಾಯಲ್ಲಿ ನಿಂತು ಆಯ್ತು, ಈ ಸಲ ಆಯ್ತು ಎಂದುಕೊಂಡೆ.

ಆಟ ಮುಗಿಯಲು ಬಂದಾಗ ನಮ್ಮವನು ಒದ್ದ. ಚೆಂಡು ಎತ್ತರಕ್ಕೆ ಹೋಗಿ, ಬಿದ್ದು, ಪುಟಿದು, ಕುಡಿದವನಂತೆ ವಾಲಾಡುತ್ತಾ ಗೆರೆಯತ್ತ ಹೊರಟಿತು. ಡೆಲ್ವಿನ್ ಎಲ್ಲರಿಗಿಂತ ಮುಂದೆ. ಅವನು ತಿರುಗಿ ನಿಂತಾಗ ಬೋಡ್ಮನ್ ಸರಿಯಾದ ಜಾಗದಲ್ಲಿ, ಕಲಿಸಿದ ಹಾಗೆಯೇ, ಎರಡೂ ಕೈ ಚಾಚಿಕೊಂಡಿದ್ದ.

"ತಟ್ಟು! ತಟ್ಟು!" ಬೋಡ್ಮನ್ ಕಿರುಚಿದ್ದು ನನಗೂ ಕೇಳಿಸಿತು.

ಡೆಲ್ವಿನ್ ತಟ್ಟಲಿಲ್ಲ. ಎರಡೂ ಅಂಗೈಯಲ್ಲಿ ಬಾಚಿ ಹಿಡಿದ. ಹಿಡಿದ ಭಾರಕ್ಕೆ ಮೈ ಹಿಂದಕ್ಕೆ ವಾಲಿ, ಎಡಗಾಲಿನ ಹಿಮ್ಮಡಿ ಸುಣ್ಣದ ಗೆರೆಯ ಮೇಲೆ ಕೂತಿತು. ರೆಫರಿ ಎರಡೂ ಕೈ ಬೀಸಿದ. ಇಪ್ಪತ್ತು ಗಜ ಪುಕ್ಕಟೆ. ಜನ ಬೈಯಲಿಲ್ಲ ಕೂಡ. ಅರ್ಧ ಮಂದಿ ಕಾರು ತೆಗೆಯಲು ಎದ್ದಿದ್ದರು.

ಬದಿಗೆ ಬಂದಾಗ ವುಕೊವಿಚ್ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

"ಈ ಹುಡುಗರಿಗೆ ಇದನ್ನ ಕಲಿಸಿದ್ದು ಯಾರು, ಪ್ರೂಯಿಟ್?"

"ನಾನೇ, ಕೋಚ್."

"ಹೂಂ," ಎಂದು ಬೇರೆ ಕಡೆ ತಿರುಗಿದ.

ಆಟ ಮುಗಿದು ಸುರಂಗದೊಳಗೆ ನಡೆಯುವಾಗ ಬೋಡ್ಮನ್ ಅವನ ಜೊತೆ ಹೆಜ್ಜೆ ಹಾಕಿದ. ತಾತ ಅನ್ನಲಿಲ್ಲ.

"ನಾನು ಹಿಂದೇನೇ ಇದ್ದೆ, ಅಣ್ಣಾ."

"ಗೊತ್ತು. ಅದಕ್ಕೇ ಹಿಡ್ದೆ."

ಬೋಡ್ಮನ್‌ಗೆ ಅರ್ಥವಾಗಲು ಎರಡು ಹೆಜ್ಜೆ ಹಿಡಿಯಿತು. ಆಮೇಲೆ ಅವನು ಹಿಂದೆ ಉಳಿದ.

ಪಟ್ಟಿ ಕತ್ತರಿಸುವ ದಿನ ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದೆ. ಊಟದ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹ್ಯಾಗರ್ಟಿ ಒಳಗೆ ಬಂದ. ಹೊಸಬರ ಮೇಜಿನಲ್ಲಿ ತಲೆಗಳು ತಟ್ಟೆಯೊಳಕ್ಕೆ ಇಳಿದವು. ಅವನು ನೇರ ಮೂಲೆಗೆ ನಡೆದ. ಡೆಲ್ವಿನ್ ಆಗಲೇ ಟ್ಯಾಬ್ಲೆಟ್ ಅನ್ನು ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದ.

"ಡೆಲ್ವಿನ್..."

"ಗೊತ್ತು ಕಣಯ್ಯಾ. ಮೊಟ್ಟೆ ತಿಂದು ಬರ್ಲಾ?"

"ತಿನ್ನು, ತಿನ್ನು. ಅವಸರ ಇಲ್ಲ."

ನಿಲ್ಲುವುದೋ ಹೋಗುವುದೋ ತಿಳಿಯದೆ ಹ್ಯಾಗರ್ಟಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ. ಕೊನೆಗೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಡೆಲ್ವಿನ್ ಸಾಸಿನ ಬಾಟಲಿಯನ್ನು ಅವನತ್ತ ತಳ್ಳಿದ. ಇಡೀ ಶಿಬಿರದಲ್ಲಿ ಆ ಮೇಜಿಗೆ ಬಂದು ಕೂತ ಒಬ್ಬನೇ ಮನುಷ್ಯ ಯಮದೂತ.

ಆ ಸರದಿಗೆ ವ್ಯಾನಿನಲ್ಲಿ ಡೆಲ್ವಿನ್ ಒಬ್ಬನೇ. ಕೊನೆಯ ಸಾಲಿಗೆ ಹೋಗಿ ಕೂತ, ಟೋಪಿ ಕೆಳಗಿಳಿಸಿದ. ಬೀಗ ಹಾಕಿದ ಕಾರ್ಖಾನೆಗಳು, ಸೇತುವೆ, ನದಿ ದಾಟಿದೆವು. ನಾನು ರೇಡಿಯೊ ಹಾಕಲಿಲ್ಲ. ನಿಲ್ದಾಣದ ಎದುರು ನಿಲ್ಲಿಸಿ ಬಾಗಿಲು ತೆಗೆಯಲು ಇಳಿಯುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಹೂಂ ಕೋಚ್... ಹೂಂ... ಇಲ್ಲ ಕೋಚ್, ಇನ್ನೂ ಹತ್ತಿಲ್ಲ..." ಅಷ್ಟೇ ಕೇಳಿಸಿದ್ದು.

ಫೋನು ಮಡಿಲಿಗೆ ಹಾಕಿಕೊಂಡು ಹೇಳಿದ: "ನಾಳೆ ಮಧ್ಯಾಹ್ನದ ತನಕ ಬೇರೆ ಯಾವ ತಂಡಾನೂ ನನ್ನನ್ನ ಕೇಳದಿದ್ರೆ, ಅಭ್ಯಾಸದ ಪಡೆಗೆ ಸೇರ್ಕೋ ಅಂತಿದಾರೆ."

"ಕೇಳ್ತಾರಾ?"

"ಯಾರು ಕೇಳ್ತಾರೆ, ಮಿಸ್ಟರ್ ಸ್ಟಾನ್!"

ಅಭ್ಯಾಸದ ಪಡೆ ಅಂದರೆ ಏನೆಂದು ನನಗೆ ಗೊತ್ತಿತ್ತು. ಮುಂದಿನ ವಾರದ ಎದುರಾಳಿ ತಂಡದ ರಿಸೀವರ್ ಯಾರೋ, ಅವನ ನಂಬರು ಹಾಕಿಕೊಂಡು, ಅವನ ಹಾಗೆ ಓಡಬೇಕು, ನಮ್ಮ ಪಡೆಯವರು ಅವನನ್ನು ಹೊಡೆಯುವುದನ್ನು ಕಲಿಯಲಿ ಅಂತ. ಭಾನುವಾರದ ಪಂದ್ಯಕ್ಕೆ ಅಂಗಿ ಇಲ್ಲ. ಪರ ಊರಿನ ಪಂದ್ಯವಾದರೆ ವಿಮಾನದಲ್ಲಿ ಸೀಟೂ ಇಲ್ಲ. ಹೊಟೇಲಿನ ಟಿವಿಯಲ್ಲಿ ಒಬ್ಬನೇ ನೋಡಬೇಕು.

"ಹೋಗ್ಬೇಡ ಮಗಾ," ಎಂದೆ. "ಮುಂದಿನ ಬಾಗಿಲಿಂದ ಕತ್ತು ಹಿಡಿದು ದಬ್ಬಿದವನ ಹಿತ್ತಲಲ್ಲಿ ಕಸ ಹೊಡೀತೀಯಾ? ನಿನ್ನ ಅರ್ಧ ನಂಬರೂ ಹೋಯ್ತು, ಈಗ ಯಾವನದೋ ಹಾಕ್ಕೊಂಡು ಒದೆ ತಿನ್ಬೇಕು. ಮರ್ಯಾದೆ ಅಂತ ಒಂದಿದೆ."

ಅವನು ಟೋಪಿ ಮೇಲೆತ್ತಿ ನನ್ನನ್ನು ನೋಡಿದ. "ನೀವು ಕಾರ್ಖಾನೆ ಗೇಟಿನ ಮುಂದೆ ಎರಡು ಚಳಿಗಾಲ ಧರಣಿ ಕೂತಿದ್ರಂತಲ್ಲ, ಹಿಮದಲ್ಲಿ. ಗೇಟು ತೆಗೆದ್ರಾ?"

"ಇಲ್ಲ."

"ತೆಗೆಯಲ್ಲ ಅಂತ ಗೊತ್ತಿರ್ಲಿಲ್ವಾ?"

"ಎರಡನೇ ಚಳಿಗಾಲಕ್ಕೆ ಗೊತ್ತಾಗಿತ್ತು."

"ಮತ್ತೆ ಎದ್ದು ಹೋಗ್ಲಿಲ್ಲ ಯಾಕೆ?"

ಹಿಂದಿನ ಟ್ಯಾಕ್ಸಿಯವನು ಹಾರ್ನ್ ಬಾರಿಸಿ ನನ್ನ ತಾಯಿಯನ್ನೆಲ್ಲ ಎತ್ತಿ ಬೈದ. ನಾನು ಕೈಯೆತ್ತಿ ಅವನಿಗೂ ಒಂದು ಬೈಗುಳ ಕೊಟ್ಟೆ. ಹತ್ತಿ ಕೂತು ಗೇರ್ ಹಾಕಿದೆ.

"ಮುಂದೆ ಬಾ. ವಾಪಸ್ ಹೋಗ್ತಿದೀಯ, ಹಿಂದೆ ಯಾಕೆ?"

"ಇಲ್ಲೇ ಇರ್ಲಿ ಬಿಡಿ."

ಸೇತುವೆ ಹತ್ತಿದೆವು. ಆಮೇಲೆ ಕನ್ನಡಿಯಲ್ಲಿ ಅವನ ತುಟಿ ಅಲ್ಲಾಡಿತು.

"ಮಿಸ್ಟರ್ ಸ್ಟಾನ್, ನನ್ನ ಸಾಸಿನ ಬಾಟ್ಲಿ ಊಟದ ಮೇಜಿನ ಮೇಲೇ ಬಿಟ್ಟು ಬಂದೆ. ಎಸೆದಿರ್ತಾರಾ?"

"ಎಸೆದಿರ್ತಾರೆ," ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ.

ಅವನು ತಲೆಯಾಡಿಸಿ ಟೋಪಿಯನ್ನು ಮತ್ತೆ ಕಣ್ಣಿನ ಮೇಲೆ ಎಳೆದುಕೊಂಡ.