ಭಟ್ಕಳದವನ ಮಣೆ

ನಮ್ಮ ಅಡುಗೆಮನೆಯ ಗೋಡೆಗೆ ಒರಗಿಸಿಟ್ಟ ಹಲಸಿನ ಮಣೆಯೊಂದಿದೆ. ಮೇಜಿನ ಮೇಲೆ ಉಣ್ಣುವ ಮನೆಯಲ್ಲಿ ಇದೇಕೆ ಎಂದು ಸೊಸೆ ಕೇಳಿದಾಗಲೆಲ್ಲ ನಾನು ಕಿವುಡನಾಗುತ್ತೇನೆ. ನಿಮ್ಮೊಡನೆ ಅದೆಂಥ ಸಂಕೋಚ? ಅದು ಭಟ್ಕಳದ ಮಂಜನದು.

ಯುದ್ಧದ ಕಾಲ, ಇದ್ದಿಲ ಗ್ಯಾಸಿನ ಬಸ್ಸುಗಳು ಕೆಮ್ಮುತ್ತ ಏರು ಹತ್ತುತ್ತಿದ್ದ ದಿನಗಳು. ಭಟ್ಕಳ, ಹೊನ್ನಾವರ, ಕುಮಟೆಯ ಹೈಸ್ಕೂಲುಗಳು ಸೇರಿ ಹುತುತು ಲೀಗ್ ಕಟ್ಟಿಕೊಂಡಿದ್ದವು; ನೀವು ಕಬಡ್ಡಿ ಎನ್ನುವ ಆಟವೇ ಅದು. ಪ್ರತಿ ತಂಡವೂ ಉಳಿದೆರಡರೊಡನೆ ಒಮ್ಮೆ ತನ್ನೂರಿನಲ್ಲಿ, ಒಮ್ಮೆ ಅವರೂರಿನಲ್ಲಿ ಆಡಬೇಕು. ಹೆಚ್ಚು ಪಂದ್ಯ ಗೆದ್ದವರಿಗೆ ಕಪ್ಪು. ಬಂದವರನ್ನು ಇಳಿಸಲು ಛತ್ರ ಎಲ್ಲಿಂದ ತರುವುದು? ಆದ್ದರಿಂದ ಆತಿಥೇಯ ತಂಡದ ಪ್ರತಿಯೊಬ್ಬನೂ ಎದುರಾಳಿಯೊಬ್ಬನನ್ನು ತನ್ನ ಮನೆಗೆ ಕರೆದೊಯ್ಯಬೇಕೆಂಬ ಪದ್ಧತಿ ಬೆಳೆಯಿತು. ಹೊನ್ನಾವರದ ನನ್ನ ಪಾಲಿಗೆ ಬಂದವನು ಮಂಜ, ಭಟ್ಕಳದ ಮೀನುಗಾರರ ಮಗ. ಅಂಕಣದಲ್ಲಿ ಅವನ ಕಾಲು ಹಿಡಿದು ಕೆಡಹುವುದು ನನ್ನ ಕೆಲಸ, ಮನೆಯಲ್ಲಿ ಅವನ ಎಲೆಗೆ ಅನ್ನ ಬಡಿಸುವುದೂ ನನ್ನದೇ. ಎರಡರಲ್ಲೂ ಅವನು ಸಾಕು ಎಂದವನಲ್ಲ.

ಮೆಟ್ರಿಕ್ ವರ್ಷ ನಾನು ಭಟ್ಕಳಕ್ಕೆ ಹೋಗಿ ಆಡಿ, ಅವನ ಮನೆಯಲ್ಲುಂಡು ಹೊರಟಾಗ, "ಮುಂದಿನ ಸಲ ನಾ ಬರುದು. ಅಮ್ಮಂಗೆ ಹೇಳು, ಮಣೆ ಹಾಕಿಡ್ಲಿ" ಎಂದಿದ್ದ. ಅವನು ಬರಬೇಕಿದ್ದ ಆ ಪಂದ್ಯವೇ ಲೀಗಿನ ಕೊನೆಯದು. ಅಷ್ಟರೊಳಗೆ ಕುಮಟೆಯವರು ತಮ್ಮ ಪಂದ್ಯಗಳನ್ನೆಲ್ಲ ಗೆದ್ದು ಕೂತಿದ್ದರು. ಆಟದ ಮಾಸ್ತರರು ಪಂದ್ಯದ ದಿನ ಬೆಳಿಗ್ಗೆ ತಣ್ಣಗೆ ಹೇಳಿದರು: "ಯಾರು ಗೆದ್ರೂ ಕಪ್ಪು ಕುಮಟೆಗೇ. ಭಟ್ಕಳದವ್ರು ಹೊಳೆ ದಾಟಿ ಬಂದು ಎಂತ ಮಾಡುದು? ಪಂದ್ಯ ರದ್ದು."

ಮನೆಗೆ ಬಂದರೆ ಅಮ್ಮ ಮಣೆ ತೊಳೆದಿಟ್ಟು ಬಂಗಡೆ ಸಾರಿಗೆ ಕಾಯಿ ಅರೆಯುತ್ತಿದ್ದಳು. ವಿಷಯ ತಿಳಿದು ರುಬ್ಬುಗುಂಡಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. "ಆಟ ಇಲ್ಲ ಅಂದ್ರೆ ಊಟವೂ ಬ್ಯಾಡ್ವಾ ಅವಂಗೆ?"

ಲೀಗ್ ಕಟ್ಟಿದವರು ಯಾರು ಹೆಚ್ಚೆಂದು ತಿಳಿಯಲು ಕಟ್ಟಿದರು, ನಿಜ; ನಮಗೋ ಅದು ಶರಾವತಿ ದಾಟಲು ಸಿಕ್ಕಿದ ನೆಪವಾಗಿತ್ತು. ನೆಪ ಹೋದಮೇಲೆ ಸುಮ್ಮನೆ ಇನ್ನೊಬ್ಬರ ಊರಿಗೆ ಹೋಗುವುದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ನಾನು ಮುಂಬಯಿಯ ಕಚೇರಿ ಸೇರಿದೆ, ಅವನು ಕಡಲಿಗಿಳಿದನೆಂದು ಯಾರೋ ಹೇಳಿದರು. ನಿವೃತ್ತನಾಗಿ ನಾನು ಹೊನ್ನಾವರಕ್ಕೇ ಮರಳಿದೆ. ಈಗ ಹೊಳೆಗೆ ಸೇತುವೆಯಾಗಿ, ಕೂತ ಬಸ್ಸಿನಿಂದ ಇಳಿಯದೆಯೇ ಭಟ್ಕಳ ತಲುಪಬಹುದು. ಆದರೂ ನಾನು ಹೋಗಲಿಲ್ಲ. ಬರುವ ಸರದಿ ಅವನದು ಎಂದುಕೊಂಡೇ ಮುದುಕನಾದೆ. ಅವನಿಗಾಗಿ ಜೀವ ಹಂಬಲಿಸುತ್ತದೆ, ಕಾಲು ಮಾತ್ರ ಆ ಹಳೆಯ ನಿಯಮಕ್ಕೆ ಕಟ್ಟುಬಿದ್ದಿದೆ.

ಇಂದು ಬೆಳಿಗ್ಗೆ ಮಣೆಯನ್ನು ತೊಳೆದು ಬಿಸಿಲಿಗಿಟ್ಟೆ. ಒಣಗಿದ ಮೇಲೆ ಅದನ್ನು ಚೀಲಕ್ಕೆ ತುರುಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೇನೆ.

ಮಂಜಾ, ಇದ್ದೀಯಾ ಮಾರಾಯಾ? ಆಟ ಬ್ಯಾಡ. ಒಂದು ಎಲೆ ಹಾಕು, ಮಣೆ ನಾನೇ ತರ್ತೆ.