ಹುಣಸೆಹಣ್ಣಿನಲ್ಲಿ ತೊಳೆದ ರಾಜ

ನನ್ನ ಅತ್ತೆ ಅನ್ನಪೂರ್ಣವ್ವ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಆ ಕೊರತೆಯನ್ನು ನಾನೇ ತುಂಬಿಕೊಟ್ಟೆ.

೧೯೯೮ರ ಜೂನ್ ಕೊನೆಗೆ ಅವರು ಗದಗಿನಿಂದ ಮೂರು ತಿಂಗಳ ವೀಸಾದ ಮೇಲೆ ಡೆಲ್ಫ್ಟ್‌ಗೆ ಬಂದರು. ನನ್ನ ಗಂಡ ಶಿವಪ್ರಸಾದ್ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಹೆಂಡ್ರಿಕಾ ಎಂಬ ಅಜ್ಜಿಯ ಮನೆಯ ಮಹಡಿಯಲ್ಲಿ ನಮ್ಮ ಬಾಡಿಗೆ ವಾಸ. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಆದರೂ ಬಂದ ವಾರದಲ್ಲೇ ಕೆಳಗೆ ಅಜ್ಜಿಯ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದರು. ಸುಮ್ಮನೆ ಕೂರುವ ಜೀವವೇ ಅಲ್ಲ.

ಆಗಸ್ಟ್‌ನಲ್ಲಿ ಅಜ್ಜಿ ಮಗಳ ಊರಿಗೆ ಹೋಗುತ್ತಾ, ಗಿಡಗಳಿಗೆ ನೀರು ಹಾಕಲು ನಮಗೆ ಬೀಗದ ಕೈ ಕೊಟ್ಟಳು. ಅವಳ ಕಿಟಕಿಯಲ್ಲಿ ಹಿತ್ತಾಳೆಯ ತಲೆಯೊಂದಿತ್ತು: ಗದ್ದದವರೆಗೂ ಹವಳದ ಸರಗಳಂತೆ ಎರಕ ಹೊಯ್ದ ಸುತ್ತುಗಳು, ಮೇಲೆಲ್ಲ ಕರಿ ಜಿಡ್ಡು. ನೂರು ವರ್ಷದ ಹಿಂದೆ ಇಂಗ್ಲಿಷರು ಆಫ್ರಿಕಾದ ಬೆನಿನ್ ಅರಮನೆಯನ್ನು ದೋಚಿ ತಂದ ವಸ್ತುವೆಂದು ಅವಳ ಅಜ್ಜ ಕೊಂಡದ್ದಂತೆ. ಅದು ತೀರಿಹೋದ ರಾಜನ ತಲೆ, ಅಲ್ಲಿ ಅದಕ್ಕೆ ಪೂಜೆಯಾಗುತ್ತಿತ್ತು ಎಂದು ಅತ್ತೆಗೆ ಹೇಳಿದವಳು ನಾನೇ.

ಶ್ರಾವಣ ಸೋಮವಾರ ನಾನು ಪೇಟೆಯಿಂದ ಬರುವಷ್ಟರಲ್ಲಿ ರಾಜ ಥಳಥಳ ಹೊಳೆಯುತ್ತಿದ್ದ. ಹೇಗ್‌ನಲ್ಲಿ ನಮ್ಮ ಕಡೆಯ ಸಾಮಾನು ಸಿಗುವ ಸುರಿನಾಮಿಯವರ ಅಂಗಡಿಯಿಂದ ತಂದಿದ್ದ ಹುಣಸೆಹಣ್ಣು ಅಷ್ಟೂ ಖಾಲಿ.

"ಪೂಜಿ ಮೂರ್ತಿ ಅಂತಿ, ಇಷ್ಟು ಕರ್ರಗ ಇಡೂದೇನವಾ? ಎರಡ ತಾಸ ತಿಕ್ಕೇನಿ. ಜಿಡ್ಡ ಬಿಡವಲ್ದಾಗಿತ್ತು," ಎಂದರು ಅತ್ತೆ.

ಶನಿವಾರ ಅಜ್ಜಿ ಒಬ್ಬನನ್ನು ಕರೆದುಕೊಂಡೇ ಬಂದಳು. ರಾಟರ್‌ಡ್ಯಾಮ್ ಬಂದರಿನಲ್ಲಿ ಕ್ರೇನ್ ನಡೆಸುವ ಒಸಾರೊ, ಬೆನಿನ್ ಊರಿನ ಎರಕದವರ ಮನೆತನದವನು. ತಲೆ ಅರಮನೆಯ ಪೂಜೆಯದ್ದೇ ಎಂದು ಅವನಿಗೆ ಖಾತ್ರಿಯಾದರೆ ಅವನ ಕೈಯಲ್ಲೇ ಊರಿಗೆ ಕಳಿಸುವುದಾಗಿ ಅಜ್ಜಿ ಮಾತು ಕೊಟ್ಟಿದ್ದಳು.

ಹೊಳೆಯುವ ತಲೆ ಕಂಡು ಅಜ್ಜಿಯ ಮುಖ ಬಿಗಿದುಕೊಂಡಿತು. ಯಾರು ತೊಳೆದರು, ಹೇಗೆ ತೊಳೆದರು ಎಂದು ಒಸಾರೊ ಇಂಗ್ಲಿಷಿನಲ್ಲಿ ಕೇಳಿದ. ಅಜ್ಜಿ ಮನೆ ಖಾಲಿ ಮಾಡಿಸುತ್ತಾಳೆಂಬ ಹೆದರಿಕೆಗೆ, ಅತ್ತೆ ಒಣಬಟ್ಟೆಯಲ್ಲಿ ಧೂಳು ಒರೆಸಿದರು ಅಷ್ಟೇ ಎಂದುಬಿಟ್ಟೆ.

ಅವನು ತಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಪೂಜೆಯ ಹೊಗೆ, ಎಣ್ಣೆ ಅಷ್ಟು ವರ್ಷ ಕೂತಿದ್ದರೆ ಒಣಬಟ್ಟೆಗೆ ಬಿಡುವುದಿಲ್ಲ," ಎಂದ. "ಹಳೆಯದೆಂದು ಮಾರುವುದಕ್ಕೆ ಯಾರೋ ಬಳಿದ ಕರಿ ಬಣ್ಣ ಅದು. ಇದು ನಮ್ಮ ರಾಜನಲ್ಲ."

ಅವನ ಮುಖ ನೋಡಿಯೇ ಅತ್ತೆಗೆ ಏನೋ ಕೆಟ್ಟಿತೆಂದು ಗೊತ್ತಾಯಿತು. "ನಾನ ತಿಕ್ಕೇನಿ ಅಂತ ಹೇಳು. ಹುಣಸಿಹಣ್ಣ ಹಚ್ಚಿ, ಎರಡ ತಾಸ. ತಪ್ಪಾಗಿದ್ರ ಕಾಲ ಬೀಳ್ತೀನಿ ಅಂತ ಹೇಳು," ಎಂದರು.

ಅಷ್ಟನ್ನು ಹೇಳಿದ್ದರೆ ಸಾಕಿತ್ತು, ರಾಜ ಅಂದೇ ಹೊರಡುತ್ತಿದ್ದ. ನಾನು ಒಸಾರೊಗೆ, ನಿಮಗೆ ಚಹಾ ಬೇಕೇ ಎಂದು ಅತ್ತೆ ಕೇಳುತ್ತಿದ್ದಾರೆ ಎಂದೆ. ಅವನು ಬೇಡವೆಂದು, ಹಿರಿಯರೆಂದು ಅತ್ತೆಗೆ ತಲೆಬಾಗಿ, ಹೊರಟುಹೋದ. ಕ್ಷಮಿಸಿದನೇ ಎಂದು ಅತ್ತೆ ಕೇಳಿದರು. ಕ್ಷಮಿಸಿದ, ಮುಂದಿನ ತಿಂಗಳು ಬಂದು ಒಯ್ಯುತ್ತಾನೆ ಎಂದೆ. ಒಂದೇ ನಾಲಿಗೆಯಲ್ಲಿ ಇಬ್ಬರಿಗೂ ಮೋಸ ಮಾಡಿದೆ.

ಸೆಪ್ಟೆಂಬರ್‌ನಲ್ಲಿ ಅತ್ತೆ ಗದಗಿಗೆ ಮರಳಿದರು. ತಲೆ ಅಜ್ಜಿಯ ಕಿಟಕಿಯಲ್ಲೇ ಉಳಿಯಿತು. ಸೈಕಲ್ ಹೊರಗೆ ತೆಗೆಯುವಾಗೆಲ್ಲ ನಾನು ಅತ್ತ ನೋಡುತ್ತಿರಲಿಲ್ಲ. ದೀಪಾವಳಿಗೆ ಫೋನ್ ಮಾಡಿದಾಗ ಅತ್ತೆ, ಮಗನನ್ನು ವಿಚಾರಿಸುವ ಮೊದಲೇ, ರಾಜ ಮನೆ ಮುಟ್ಟಿದನೇ ಎಂದು ಕೇಳಿದರು. ಮುಟ್ಟಿದ ಎಂದೆ.

"ನಿನ್ನಿಂದ ಆತು ನೋಡವಾ," ಎಂದರು. "ನನಗ ಆ ಭಾಷಾ ಎಲ್ಲಿ ಬರತಿತ್ತು?"